ಗಂಡ್ಮಗ ಗೊಂಬೆಗೆ ಬಣ್ಣ ಬಳಿದ್ರೆ ಏನು ತಪ್ಪು?

ಅಕ್ಕಂದಿರೆ, ತಂಗೇರೆ, ನಮ್ಮ ಬೀದಿ ಅತ್ತಿಗೇರೆ, ಈ ಸಲ ಅಡಿಗೆ ಮನೆ ವಿಚಾರ ಬರೆಯಾದಿಲ್ಲ. ನಮ್ಮ ಪಡಸಾಲೆ ಬೀರು ವಿಚಾರ ಬರೀತೀನಿ. ಓದಿ ನಗಬೇಡ್ರಿ. ನಕ್ಕರೂ ಪರವಾಗಿಲ್ಲ, ಪೂರ್ತಿ ಓದಿ ನಗ್ರಿ.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕ ಮಗನ್ನ ನೋಡಾಕೆ ಹೆಣ್ಣಿನ ಕಡೇರು ಬಂದಿದ್ರು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲಾ ಆತು. ಹುಡುಗಿ ಸೋದರಮಾವ ಎದ್ದು ಓಡಾಡ್ತಾ ಗಾಜಿನ ಬೀರು ಹತ್ರ ನಿಂತ್ಕಂಡ್ರು. ಒಳಗೆ ಸಾಲಾಗಿ ಬೆರಳುದ್ದ ಸಿಪಾಯಿಗಳು. ಕತ್ತಿ ಹಿಡಿದೋರು, ಈಟಿ ಹಿಡಿದೋರು, ಕುದುರೆ ಮೇಲೆ ಕುಂತೋರು. "ಯಾರ ಮಕ್ಕಳವು ಇವು?" ಅಂದ್ರು. ನಮ್ಮ ಹುಡುಗ ಸುಳ್ಳು ಹೇಳಾಕೆ ಬರದೋನು, "ನಂದೇ ಅಂಕಲ್, ನಾನೇ ಬಣ್ಣ ಹಾಕಿದ್ದು" ಅಂದ. ಅವರು ನಮ್ಮನೆಯವರ ಕಡೆ ತಿರುಗಿ, "ಇಪ್ಪತ್ತೆಂಟು ವರ್ಷ ಅಂದಿದ್ರಿ, ಇನ್ನೂ ಗೊಂಬೆ ಆಡ್ತಾನಾ ಹುಡುಗ?" ಅಂತ ನಕ್ಕರು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ವಾರಕ್ಕೆ ಜಾತಕ ಕೂಡಲಿಲ್ಲ ಅಂತ ಫೋನ್ ಬಂತು.

ಜಾತಕ ಅಲ್ಲ, ಬೀರು ಅಂತ ಎಲ್ಲಾರಿಗೂ ಗೊತ್ತಿತ್ತು. ಮೊಳಕಾಲ್ಮೂರಿಂದ ನಮ್ಮಣ್ಣ ಬಂದು, "ಮೊದ್ಲು ಅವನ್ನೆಲ್ಲಾ ಒಲೆಗೆ ಹಾಕಮ್ಮ, ಗಂಡಸು ಮಾಡೋ ಕೆಲ್ಸನಾ ಇದು" ಅಂದ. ಒಲೆಗೆ ಹಾಕಲಿಲ್ಲ. ಆದ್ರೆ ಮಗ ಬೆಂಗಳೂರಿಗೆ ಹೋದಾಗ ಎಲ್ಲಾನೂ ರಟ್ಟಿನ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಹಾಕೋ ಮುಂಚೆ, ಪಕ್ಕದ ಮನೆ ಪಾಪು ಅಳ್ತಾ ಇತ್ತು ಅಂತ ಅದರಾಗಿಂದ ಹನ್ನೊಂದು ಸಿಪಾಯಿ ತೆಗೆದು ಆಟಕ್ಕೆ ಕೊಟ್ಟೆ. ಕೊಡಬೇಕಾದ್ರೆ ನನಗೆ ಏನೂ ಅನ್ನಿಸಲಿಲ್ಲ. ಅದು ನನ್ನ ತಪ್ಪು. ಅದನ್ನ ಹೇಳಾಕೇ ಇದೆಲ್ಲಾ ಬರೀತಾ ಇದೀನಿ.

ಮಗ ಬಂದ, ಬೀರು ನೋಡ್ದ. ನಾನು ಹೇಳಿದೆ. "ಹೋಗ್ಲಿ ಬಿಡಮ್ಮ" ಅಂದ, ಅಷ್ಟೆ. ಜಗಳ ಆಡಿದ್ರೆ ಚೆನ್ನಾಗಿತ್ತು. ನಾಲ್ಕು ತಿಂಗಳು ಬ್ರಷ್ ಮುಟ್ಟಲಿಲ್ಲ. ಮನೇಲಿದ್ದು ಕೆಲಸ ಮಾಡೋ ದಿನ, ಲ್ಯಾಪ್‌ಟಾಪ್ ಮುಚ್ಚಿದ್ರೆ ಫೋನು, ಫೋನು ಇಟ್ರೆ ನಿದ್ದೆ. ಮೊದ್ಲು ರಾತ್ರಿ ಹತ್ತಕ್ಕೆ ದೀಪದ ಕೆಳಗೆ ಕುಂತು ಸಿಪಾಯಿಗೆ ಬಣ್ಣ ಹಾಕ್ತಾ ನನ್ನ ಕೂಡೆ ಆಫೀಸಿನ ಸುದ್ದಿ ಎಲ್ಲಾ ಮಾತಾಡ್ತಿದ್ದ. ಕೈಗೆ ಕೆಲಸ ಇದ್ರೆ ಬಾಯಿ ತಾನಾಗೆ ಬಿಚ್ಚುತ್ತೆ. ನಾವು ಅವರೆಕಾಯಿ ಸುಲಿಯಾಗ ಆಡೋ ಮಾತು ಸುಮ್ನೆ ಕುಂತಾಗ ಆಡ್ತೀವಾ? ಆ ಮಾತು ನಿಂತು ಹೋತು.

ಆಮೇಲೆ ಒಂದಿನ ಪಕ್ಕದ ಮನೆಗೆ ಹೋಗಿ, ನಾಚಿಕೆ ಬಿಟ್ಟು, ಆ ಸಿಪಾಯಿಗಳನ್ನ ವಾಪಸ್ ಕೇಳಿದೆ. ಹನ್ನೊಂದರಾಗೆ ಏಳು ಸಿಕ್ಕವು. ಒಂದಕ್ಕೆ ಈಟಿ ಮುರಿದಿತ್ತು, ಒಂದಕ್ಕೆ ತಲೆನೇ ಇಲ್ಲ. ತಂದು ಅವನ ಮುಂದೆ ಇಟ್ಟು, "ಇದನ್ನ ಹೆಂಗೆ ಸರಿ ಮಾಡೋದು ತೋರಿಸು, ನಾನೇ ಮಾಡ್ತೀನಿ" ಅಂದೆ. ಆವತ್ತು ನನ್ನ ಕೈಗೆ ಬ್ರಷ್ ಬಂತು.

ಇದೇನು ಆಟ ಅಂತ ನಿಮಗೂ ಹೇಳಬೇಕು. ದೊಡ್ಡ ಮೇಜಿನ ಮೇಲೆ ಗುಡ್ಡ, ಕಾಡು, ಮನೆ, ಗೋಡೆ ಎಲ್ಲಾ ಸಣ್ಣದಾಗಿ ಮಾಡಿ ಇಡ್ತಾರೆ. ಎರಡು ಕಡೆ ಎರಡು ಸೈನ್ಯ. ಚದುರಂಗದಾಗೆ ಮನೆ ಎಣಿಸಿ ಕಾಯಿ ನಡೆಸ್ತೀವಲ್ಲ, ಇದರಾಗೆ ಮನೆ ಇಲ್ಲ, ಟೇಪು ಹಿಡಿದು ಇಂಚು ಅಳೆದು ನಡೆಸೋದು. ನನ್ನ ರವಿಕೆ ಅಳತೆ ಟೇಪು ಎಲ್ಲಿಗೆ ಹೋಗ್ತಿತ್ತು ಅಂತ ಆಗ ಗೊತ್ತಾತು. ಹೊಡೆತ ಬಿತ್ತಾ ಇಲ್ವಾ ಅಂತ ತಿಳಿಯಾಕೆ ದಾಳ ಹಾಕ್ತಾರೆ. ಸಿಪಾಯಿ ಬಂಡೆ ಹಿಂದೆ ನಿಂತಿದ್ರೆ ಏಟು ತಗಲೋದು ಕಷ್ಟ, ಬಯಲಾಗೆ ನಿಂತಿದ್ರೆ ಸುಲಭ. ಅದಕ್ಕೇ ಗುಡ್ಡ ಗೋಡೆ ಮಾಡೋದು ಬರೀ ಅಲಂಕಾರಕ್ಕಲ್ಲ. ಜಾಗಾನೇ ಅರ್ಧ ಸೈನ್ಯ.

ಇದು ಹೊಸದೂ ಅಲ್ಲ. ಚತುರಂಗ ಅನ್ನೋ ಹೆಸರೇ ಆನೆ, ಕುದುರೆ, ರಥ, ಕಾಲಾಳು ಅನ್ನೋ ನಾಲ್ಕು ಅಂಗದ ಸೈನ್ಯದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆ ಆಟ ಅಂದ್ರೆ ಪ್ರಾಣ. ಅವರು ಮಾಡಿಸಿದ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅಂತ ಒಂದು ಭಾಗಾನೇ ಆಟಗಳಿಗೆ ಮೀಸಲು. ಮಹಾರಾಜರಿಗೆ ಯಾರಾದ್ರೂ "ಇನ್ನೂ ಆಟ ಆಡ್ತೀರಾ" ಅಂದಿದ್ರಾ? ಯೂರೋಪಿನಾಗೆ ಪ್ರಷ್ಯಾ ದೇಶದ ಸೈನ್ಯ 1824ರಲ್ಲಿ ತನ್ನ ಅಧಿಕಾರಿಗಳಿಗೆ ಪಾಠ ಹೇಳಾಕೆ ನಕ್ಷೆ ಮೇಲೆ ಇಂಥ ಆಟ ಇಟ್ಕಂಡಿತ್ತಂತೆ. ಈಗ ಹುಡುಗರು ಜಾಸ್ತಿ ಆಡೋದು ವಾರ್‌ಹ್ಯಾಮರ್ ಅಂತ, ಇಂಗ್ಲೆಂಡಿನ ಕಂಪನಿ 1983ರಲ್ಲಿ ಶುರು ಮಾಡಿದ್ದು. ಗೊಂಬೆಗಳು ಬಿಡಿ ಭಾಗ ಆಗಿ ಬರ್ತವೆ, ಬಣ್ಣ ಇರಲ್ಲ. ಕತ್ತರಿಸಿ, ಅಂಟಿಸಿ, ಬಣ್ಣ ಹಾಕಿ ನಾವೇ ಪೂರೈಸಬೇಕು. ಎಷ್ಟೋ ಜನಕ್ಕೆ ಆಡೋದಕ್ಕಿಂತ ಈ ಕೆಲಸಾನೇ ಇಷ್ಟ. ನಮ್ಮೋನೂ ಹಂಗೆ. ತಿಂಗಳಿಗೊಂದ್ಸಲ ಆಡಿದ್ರೆ ಹೆಚ್ಚು, ಬಣ್ಣ ಮಾತ್ರ ದಿನಾ.

ಕೆಲಸ ಹೇಳ್ತೀನಿ ಕೇಳ್ರಿ. ಗೊಂಬೆ ಎತ್ತರ ಕಾಲಿಂದ ಕಣ್ಣಿನವರೆಗೆ ಇಪ್ಪತ್ತೆಂಟು ಮಿಲಿಮೀಟರ್, ಅಂದ್ರೆ ಇಂಚಿಗಿಂತ ಒಂಚೂರು ಜಾಸ್ತಿ. ಮೊದ್ಲು ಅಚ್ಚಿನ ಗೆರೆ ಕೆರೆದು ತೆಗೀಬೇಕು, ಚಕ್ಕುಲಿ ಒರಳಿನ ಎಳೆ ತೆಗೆದಂಗೆ. ಆಮೇಲೆ ಒಂದು ಪದರ ತಳಬಣ್ಣ. ಕೊಪ್ಪಳ ಕಡೆ ಕಿನ್ನಾಳದ ಗೊಂಬೆ ಮಾಡೋರೂ ಮರದ ಮೇಲೆ ಹುಣಸೆ ಬೀಜದ ಅಂಟಿನ ಕಿಟ್ಟ ಹಚ್ಚಿ ನುಣುಪು ಮಾಡಿ ಆಮೇಲೇ ಬಣ್ಣಕ್ಕೆ ಹೋಗ್ತಾರೆ, ಇಲ್ಲಾಂದ್ರೆ ಬಣ್ಣ ಹಿಡಿಯಲ್ಲ. ಅದಾದ ಮೇಲೆ ಬಟ್ಟೆಗೊಂದು, ಮೈಗೊಂದು, ಲೋಹಕ್ಕೊಂದು ಬಣ್ಣ. ಇಷ್ಟಕ್ಕೇ ನಿಲ್ಲಿಸಿದ್ರೆ ಜಾತ್ರೆ ಪ್ಲಾಸ್ಟಿಕ್ ಗೊಂಬೆ ತರ ಕಾಣುತ್ತೆ. ಆಮೇಲೆ ನೀರಂಗೆ ತೆಳ್ಳಗೆ ಮಾಡಿದ ಕಡು ಬಣ್ಣ ಮೇಲೆಲ್ಲಾ ಹರಿಸ್ತಾರೆ, ಅದು ಮಡಿಕೆ ಸಂದಿಗೆ ಇಳಿದು ಕೂರುತ್ತೆ. ಒಣಗಿದ ಮೇಲೆ, ಬ್ರಷ್‌ನಲ್ಲಿ ಬಣ್ಣ ಇದೆಯೋ ಇಲ್ವೋ ಅನ್ನೋ ಹಂಗೆ ಬಟ್ಟೇಲಿ ಒರೆಸಿ, ಉಬ್ಬಿದ ಜಾಗಕ್ಕೆ ಮಾತ್ರ ಸವರ್ತಾರೆ. ನಮ್ಮ ಹಳೇ ಕಂಚಿನ ದೀಪ ನೆನೆಸ್ಕಳ್ರಿ. ಕೆತ್ತನೆ ಸಂದಿಯಾಗೆ ಕಪ್ಪು ಕೂತು, ಉಬ್ಬಿದ ಕಡೆ ಹುಣಸೆಹಣ್ಣಿನಾಗೆ ಉಜ್ಜಿ ಉಜ್ಜಿ ಹೊಳೀತಾ ಇರುತ್ತಲ್ಲ, ಅದೇ ಲೆಕ್ಕ. ನೆರಳು, ಬೆಳಕು ಎರಡೂ ಬಂದು ಗೊಂಬೆಗೆ ಜೀವ ಬರುತ್ತೆ.

ನಮ್ಮ ಚಳ್ಳಕೆರೆ ಬಿಸಿಲಿಗೆ ಬಣ್ಣ ತಟ್ಟೆಯಾಗೇ ಒಣಗಿ ಹೋಗ್ತಿತ್ತು. ಅದಕ್ಕೆ ಸ್ಟೀಲ್ ಡಬ್ಬಿ ಮುಚ್ಚಳದಾಗೆ ಒದ್ದೆ ಸ್ಪಂಜು ಇಟ್ಟು, ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಬಣ್ಣ ಕಲಸೋದು. ರಾತ್ರಿ ಮುಚ್ಚಿಟ್ರೆ ಬೆಳಿಗ್ಗೆಗೂ ಹಸಿ ಇರುತ್ತೆ. ಬೋರ್ ನೀರಾಗೆ ಬಣ್ಣ ಕಲಸಿದ್ರೆ ಬಿಳಿ ಕಲೆ ಉಳಿಯುತ್ತೆ, ಫಿಲ್ಟರ್ ನೀರೇ ಬೇಕು. ಇದನ್ನ ಕಂಡು ಹಿಡಿದಿದ್ದು ನಾನು, ಸ್ಟೀಲ್ ಲೋಟದಾಗೆ ದಿನಾ ನೋಡ್ತೀನಲ್ಲ.

ಮೊದಲನೇ ದಿನ ನನಗೆ ಕಣ್ಣು ಬರೆಯಾಕೆ ಕೊಟ್ಟ. ಅದೇ ಕಷ್ಟದ್ದಂತೆ. ಉಸಿರು ಹಿಡಿದು, ಎರಡೂ ಮಣಿಕಟ್ಟು ಮೇಜಿಗೆ ಊರಿ, ಒಂದು ಚುಕ್ಕಿ ಇಟ್ಟೆ. ಸರಿಯಾಗಿ ಕೂತ್ಕಂತು. "ಅಮ್ಮಾ, ನಿಂಗೆ ಯಾರು ಕಲಿಸಿದ್ರು?" ಅಂದ. ಯಾರು ಕಲಿಸ್ತಾರೆ? ನಾನು ಮೊಳಕಾಲ್ಮೂರಿನಾಗೆ ಪಿಯುಸಿ ಓದಬೇಕಾದ್ರೆ ಅರ್ಧ ಕ್ಲಾಸಿನ ಬಯಾಲಜಿ ರೆಕಾರ್ಡಿಗೆ ಚಿತ್ರ ಬರೆದುಕೊಟ್ಟೋಳು. ಕಪ್ಪೆ, ಜಿರಲೆ, ದಾಸವಾಳದ ಹೂ ಎಲ್ಲಾ. ಮದುವೆ ಆದ ಮೇಲೆ ಪೆನ್ಸಿಲ್ ಹಿಡಿದಿದ್ದು ಹಾಲಿನ ಲೆಕ್ಕ ಬರೆಯಾಕೆ. ಮಗನಿಗೆ ಇದನ್ನ ನಾನು ಹೇಳೇ ಇರಲಿಲ್ಲ. ಹೇಳೋ ವಿಷಯ ಅಂತಾನೇ ಅನ್ನಿಸಿರಲಿಲ್ಲ.

ಹಿಂಗೆ ಶುರು ಆಗಿ, "ಇಂಗ್ಲೆಂಡಿನ ರಾಕ್ಷಸರು ಸಾಕು, ನಮ್ಮ ದುರ್ಗದ ಕೋಟೆ ಮಾಡು" ಅಂದೆ. ಓಬವ್ವನ ಕಿಂಡಿ ಮಾಡೋಣ ಅಂತ ಇಬ್ಬರೂ ಕುಂತ್ವಿ. ಎರಡಡಿ ಉದ್ದ, ಎರಡಡಿ ಅಗಲದ ಹಲಗೆ. ಅವನು ಪುಸ್ತಕ ತೆಗೆದ. ನಮ್ಮ ತಳಕಿನ ಹೆಸರು ಹೊತ್ತ ತರಾಸು ಅವರ ದುರ್ಗಾಸ್ತಮಾನ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಅಷ್ಟು ದಪ್ಪದ ಪುಸ್ತಕ ಈ ಕಾಲದ ಹುಡುಗ ಪೂರ್ತಿ ಓದಿದ್ದು ಈ ಗೊಂಬೆ ದೆಸೆಯಿಂದ. ನಾನು ಓದಿದ್ದು ಅವನಾದ ಮೇಲೆ.

ಬಂಡೆ ಮಾಡಾಕೆ ಥರ್ಮಾಕೋಲ್ ಕೊಯ್ದು, ಉಜ್ಜಿ ಗುಂಡಗೆ ಮಾಡಿದ್ವಿ. ಅವಸರಕ್ಕೆ ಬಿದ್ದು ಸ್ಪ್ರೇ ಬಣ್ಣ ಹೊಡೆದ್ವಿ ನೋಡ್ರಿ, ಕಣ್ಣೆದುರಿಗೇ ಬಂಡೆ ಕರಗಿ ಗುಳಿ ಬಿತ್ತು, ಕಾದ ಹೆಂಚಿಗೆ ಬೆಣ್ಣೆ ಬಿಟ್ಟಂಗೆ. ಸ್ಪ್ರೇನಾಗಿರೋ ದ್ರಾವಣ ಥರ್ಮಾಕೋಲ್ ತಿಂದು ಹಾಕುತ್ತೆ. ಎರಡನೇ ಸಲ ಫೆವಿಕಾಲಿಗೆ ಗೋಡೆ ಪುಟ್ಟಿ, ಜರಡಿ ಹಿಡಿದ ಮರಳು ಸೇರಿಸಿ ಎರಡು ಸುತ್ತು ಬಳಿದು, ಒಣಗಿಸಿ, ಕೈಬಣ್ಣ ಹಾಕಿದ್ವಿ. ಗಟ್ಟಿ ಆತು. ಶೇಂಗಾ ಸಿಪ್ಪೆ ಮುರಿದು ಅಂಟಿಸಿದ್ರೆ ಸಣ್ಣ ಕಲ್ಲು. ಎಣ್ಣೆ ಮಿಲ್ಲಿನ ಊರಾಗೆ ಅದಕ್ಕೇನು ಬರ? ಕುದಿಸಿದ ಟೀ ಪುಡಿ ಒಣಗಿಸಿ ಉದುರಿಸಿದ್ರೆ ನೆಲದ ಮಣ್ಣು. ಹಳೇ ಕುರಿ ಕಂಬಳಿ ಎಳೆ ಕತ್ತರಿಸಿ ನಿಲ್ಲಿಸಿದ್ರೆ ಒಣ ಹುಲ್ಲು. ಬಾವುಟಕ್ಕೆ ನಮ್ಮ ತವರಿನ ಮಗ್ಗದ ಮನೆಯಿಂದ ತಂದ ರೇಷ್ಮೆ ಚೂರು. 2011ರಲ್ಲಿ ಜಿಐ ಗುರುತು ಸಿಕ್ಕ ಮೊಳಕಾಲ್ಮೂರು ಸೀರೆಯ ರೇಷ್ಮೆ ಅದು, ಕಡಿಮೆದಲ್ಲ.

ಇಲ್ಲಿ ನಮ್ಮಿಬ್ಬರಿಗೂ ಜಗಳ ಆತು. ಅವನು ವಿಡಿಯೋ ನೋಡಿ ಬಂಡೆಗೆ ಬೂದಿ ಬಣ್ಣ, ನೆಲಕ್ಕೆ ಹಸಿರು ಹುಲ್ಲು ಹಾಕಾಕೆ ಹೊರಟಿದ್ದ. "ಎಲ್ಲಿ ನೋಡಿದ್ದೀಯಪ್ಪ ಈ ಹುಲ್ಲನ್ನ? ರಾಜ್ಯದಾಗೇ ಕಡಿಮೆ ಮಳೆ ಬೀಳೋ ತಾಲ್ಲೂಕಿನೋನು ನೀನು. ಕಿಟಕಿ ತೆಗೆದು ನೋಡು" ಅಂದೆ. ನಮ್ಮ ಬಂಡೆ ಬೂದಿ ಅಲ್ಲ. ಕಂದು ಮಿಶ್ರ ಕೆಂಪು, ನೀರಿಳಿದ ಕಡೆ ಕಪ್ಪು ಗೆರೆ, ಹದ್ದು ಕೂರೋ ಕಡೆ ಬಿಳಿ. ಸಂಜೆ ಬಿಸಿಲಿಗೆ ಬೇರೇನೇ ಬಣ್ಣ. ಮೊಳಕಾಲ್ಮೂರು ಗುಡ್ಡದ ಬುಡದಾಗೆ ಹುಟ್ಟಿ ಬೆಳೆದೋಳಿಗೆ ಬಂಡೆ ಬಣ್ಣ ಹೇಳಿಕೊಡಬೇಕಾ? ಐವತ್ತು ವರ್ಷ ನೋಡಿದ ಬಂಡೆನ ನಾನೂ ಬಣ್ಣ ಕಲಸಬೇಕಾದ್ರೇನೇ ಸರಿಯಾಗಿ ನೋಡಿದ್ದು, ಅದು ಬೇರೆ ಮಾತು.

ಓಬವ್ವನ ಗೊಂಬೆ ಎಲ್ಲಿ ಸಿಗುತ್ತೆ? ಅದು ಯಾವ ಕಂಪನೀಲೂ ಬರಲ್ಲ. ಒಂದು ಹಳೇ ಹೆಣ್ಣು ಸಿಪಾಯಿ ಗೊಂಬೆ ತಗಂಡು, ಅದರ ಕವಚ ಕೆತ್ತಿ ತೆಗೆದು, ಎಂ-ಸೀಲ್ ಕಲಸಿ ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಹಲ್ಲುಕಡ್ಡಿಯಾಗೆ ನೆರಿಗೆ ಎಳೆದು ಸೀರೆ ಉಡಿಸಿದೆ. ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು. ಒನಕೆಗೆ ಊದುಬತ್ತಿ ಕಡ್ಡಿ. ಮಗ ಸೀರೆಗೆ ಕೆಂಪು ಹಾಕಿ ಜರಿ ಅಂಚು ಬರೀತೀನಿ ಅಂದ, ನಾಗರಹಾವು ಸಿನಿಮಾದಾಗೆ ಜಯಂತಿಯವರನ್ನ ನೋಡಿದ ಹುಡುಗ. "ಲೋ, ಕಾವಲುಗಾರನ ಹೆಂಡ್ತಿ, ಗಂಡ ಊಟಕ್ಕೆ ಕುಂತ ಹೊತ್ನಾಗೆ ನೀರು ತರಾಕೆ ಹೋದೋಳು. ಜರಿ ಸೀರೆ ಉಟ್ಕಂಡು ನೀರಿಗೆ ಹೋಗ್ತಾಳೇನೋ?" ಅಂತ ಮಾಸಿದ ನೀಲಿ ಹಾಕಿಸಿದೆ. ಸೆರಗಿನ ತುದಿ ಒಂಚೂರು ಒದ್ದೆ ಬಣ್ಣ. ಅದು ನೀರಿನ ಕೊಡ ಇಳಿಸಿದ್ದಕ್ಕೆ. ಯಾರಿಗೂ ಕಾಣಲ್ಲ, ನನಗೆ ಗೊತ್ತು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರ್ತೀನಿ. ನಮ್ಮ ಚಿಕ್ಕಮ್ಮ ಕೇಳಿದ್ರು, "ಯುದ್ಧದ ಆಟ ಆಡಿಸ್ತೀಯಲ್ಲೇ, ಹೊಡಿ ಬಡಿ ಕಲಿಯಲ್ವಾ?" ಅಂತ. ನನಗೂ ಆ ಅಳುಕಿತ್ತು.

ಕೋಟೆ ಮುಗಿದ ಮೇಲೆ ಅವನ ಸ್ನೇಹಿತ ಬೆಂಗಳೂರಿಂದ ಬಂದ. ಇಬ್ಬರೂ ಆಡಾಕೆ ಕುಂತರು. ಕಿಂಡಿಯಾಗೆ ಒಂದು ಸಲಕ್ಕೆ ಒಬ್ಬನೇ ತೂರಬೇಕು, ಅದು ಕಟ್ಟಿದ್ದೇ ಹಂಗೆ. ಹೈದರಾಲಿ ಕಡೆ ಇಪ್ಪತ್ತು ಸಿಪಾಯಿ, ಈ ಕಡೆ ಓಬವ್ವ ಒಬ್ಬಳೇ. ನಾನು ಕಾಫಿ ಹಿಡ್ಕಂಡು ನಿಂತು ನೋಡ್ತಾ ಇದ್ದೆ. ಮೊದಲನೇ ಸಿಪಾಯಿ ಬಿದ್ದ. ಎರಡನೆಯವನಿಗೆ ದಾಳ ಹಾಕಿದ್ರು, ಒಂದು ಬಿತ್ತು. ಓಬವ್ವನ್ನ ಎತ್ತಿ ಪಕ್ಕಕ್ಕೆ ಇಟ್ರು. ಇಬ್ಬರನ್ನ ತಡೆಯೋ ಮುಂಚೇನೇ ಆಟ ಮುಗೀತು!

ನನಗೆ ಸಿಟ್ಟು ಬಂತು. "ಇದೆಂಥಾ ಆಟನೋ, ಕತೆಯಾಗೆ ಅವಳು ಅಷ್ಟು ಜನರನ್ನ ಹೊಡೀತಾಳಲ್ಲೋ, ನಿಮ್ಮ ಲೆಕ್ಕ ತಪ್ಪು" ಅಂದೆ. ಮಗ ದಾಳ ಕೈಯಾಗೆ ಹಿಡ್ಕಂಡು, "ಅಮ್ಮ, ಆವತ್ತು ಅವಳಿಗೆ ಗೊತ್ತಿತ್ತಾ, ಹೊಡೀತೀನಿ ಅಂತ?" ಅಂದ.

ಅಕ್ಕಂದಿರೆ, ಚಿಕ್ಕೋಳಿದ್ದಾಗಿಂದ ಓಬವ್ವನ ಕತೆ ಕೇಳಿದೀನಿ. ಹಾಡು ಕೇಳಿದೀನಿ, ಸಿನಿಮಾ ನೋಡಿದೀನಿ, ಶಾಲೆ ಪ್ರವಾಸದಾಗೆ ಆ ಕಿಂಡಿಯಾಗೆ ತೂರಿ ಬಂದಿದೀನಿ. ಒಂದು ಸಲಾನೂ ಈ ಯೋಚನೆ ಬಂದಿರಲಿಲ್ಲ. ಗೆಲ್ತಾಳೆ ಅಂತ ಗೊತ್ತಿರೋ ನಮಗೆ ಅದು ಕತೆ. ಅವಳಿಗೆ ಅದು ಕತೆ ಅಲ್ಲ. ತಣ್ಣೀರು ದೋಣಿ ಹತ್ರ ಕೊಡ ಇಟ್ಟು, ಕಿಂಡಿಯಾಗೆ ತಲೆ ಕಂಡಾಗ, ಮೊದಲನೇ ಏಟು ತಪ್ಪಿದ್ರೆ ಸತ್ತಳು. ಎರಡನೇದು ತಪ್ಪಿದ್ರೂ ಸತ್ತಳು. ಪ್ರತಿ ಏಟಿಗೂ ದಾಳ ಬಿದ್ದಂಗೆ. ಗೊತ್ತಿದ್ದೂ ನಿಂತಳು. ಕೊನೆಗೆ ಅವಳೂ ಉಳಿಯಲಿಲ್ಲ. ಕೋಟೆನೂ 1779ರಲ್ಲಿ ಹೈದರಾಲಿ ಕೈ ಸೇರ್ತು. ಆ ಸಂಜೆ ಅವರು ಎಂಟು ಸಲ ಆಡಿದ್ರು. ಇಪ್ಪತ್ತೂ ಜನರನ್ನ ತಡೆದಿದ್ದು ಒಂದು ಸಲಾನೂ ಇಲ್ಲ. ಪ್ರತಿ ಸಲ ಅವಳನ್ನ ಎತ್ತಿ ಪಕ್ಕಕ್ಕೆ ಇಡಬೇಕಾದ್ರೆ ನನ್ನ ಹೊಟ್ಟೆ ಚುರ್ ಅಂತಿತ್ತು. ಸೀರೆ ಉಡಿಸಿದೋಳು ನಾನಲ್ವಾ.

ಇನ್ನೊಂದು ಕೇಳ್ರಿ. ಆಚೆ ಕಡೆ ಬಿದ್ದ ಹೈದರಾಲಿ ಸಿಪಾಯಿಗಳಿಗೂ ಕಣ್ಣು ಬರೆದಿದ್ದು ನಾನೇ. ಒಬ್ಬನಿಗೆ ಮೀಸೆ ವಾರೆ ಆಗಿತ್ತು, ಇನ್ನೊಬ್ಬ ನಮ್ಮ ಮಾವನ ತರ ಕಾಣ್ತಿದ್ದ. ಅವರು ಬಿದ್ದಾಗಲೂ ಅಯ್ಯೋ ಅನ್ನಿಸ್ತು. ಒಂದು ಮುಖಕ್ಕೆ ಎರಡು ಗಂಟೆ ಕುಂತು ಬಣ್ಣ ಹಾಕಿದೋರಿಗೆ ಅವನು ಬರೀ "ಶತ್ರು" ಆಗಿ ಉಳಿಯಲ್ಲ. ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಗೊಂಬೆ ಸಿಪಾಯಿಗಳ ಯುದ್ಧದ ಆಟಕ್ಕೆ ನಿಯಮ ಬರೆದು 'ಲಿಟ್ಲ್ ವಾರ್ಸ್' ಅಂತ ಪುಸ್ತಕ ಮಾಡಿದ್ರಂತೆ. ಈ ಸಣ್ಣ ಯುದ್ಧ ಆಡಿ ನೋಡಿದೋರಿಗೆ ದೊಡ್ಡ ಯುದ್ಧ ಎಂಥ ಎಡವಟ್ಟು ಅಂತ ಗೊತ್ತಾಗುತ್ತೆ ಅನ್ನೋದು ಅವರ ವಾದ. ಮುಂದಿನ ವರ್ಷಾನೇ ಮೊದಲನೇ ಮಹಾಯುದ್ಧ ಶುರು ಆತು. ಗೊಂಬೆ ಆಡಿದೋರಿಂದ ಶುರು ಆಗಿದ್ದಲ್ಲ ಅದು. ನಮ್ಮ ಚಳ್ಳಕೆರೆ ಕಾವಲಿನಾಗೂ 2017ರಿಂದ ಡಿಆರ್‌ಡಿಒ ವಿಮಾನ ಪರೀಕ್ಷೆ ಜಾಗ ಐತೆ, ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡ್ತಾರೆ. ದೇಶಕ್ಕೆ ಬೇಕು, ಬೇಡ ಅನ್ನಲ್ಲ. ಆದ್ರೆ ನಿಜದ ಯುದ್ಧ ಆಕಾಶದಾಗೆ ಹಾರೋ ಊರಿನಾಗೆ ಕುಂತು, ಬೆರಳುದ್ದದ ಗೊಂಬೆ ನೋಡಿ "ಹಿಂಸೆ" ಅಂತ ಗಾಬರಿ ಆಗೋದು ಸರೀನಾ ಚಿಕ್ಕಮ್ಮ, ನೀವೇ ಹೇಳ್ರಿ.

ಖರ್ಚಿನ ಮಾತು. ಅದು ನಿಜ, ಮುಚ್ಚಿಡಲ್ಲ. ಹೊರಗಿಂದ ಬರೋ ಒಂದು ಡಬ್ಬಕ್ಕೆ ಸಾವಿರಗಟ್ಟಲೆ ಆಗುತ್ತೆ. ಮೊದ್ಲು ಡಬ್ಬದ ಮೇಲೆ ಡಬ್ಬ ತರಿಸಿ ಬಣ್ಣ ಹಾಕದೇ ಪೇರಿಸಿದ್ದ. ಅದಕ್ಕೆ ಮನೇಲಿ ಕಟ್ಟಳೆ ಮಾಡಿದೀನಿ: ಇರೋದು ಮುಗಿಯೋವರೆಗೆ ಹೊಸದು ಬೇಡ. ನಾವು ಸೀರೆಗೂ ಇದೇ ಕಟ್ಟಳೆ ಮಾಡ್ಕಬೇಕು, ಆದ್ರೆ ಆಗಲ್ಲ, ಅದು ಬಿಡ್ರಿ. ಇನ್ನು ಸ್ಪ್ರೇ ಹೊಡೆಯೋದು ಮಾಳಿಗೆ ಮೇಲೆ, ಮಾಸ್ಕ್ ಹಾಕ್ಕಂಡು. ಅಂಟು ಬಳಸಬೇಕಾದ್ರೆ ಕಿಟಕಿ ತೆಗೆದಿರಬೇಕು. ಬ್ರಷ್ ತುದಿ ಬಾಯಿಗೆ ಇಟ್ಟು ಚೂಪು ಮಾಡೋ ಚಾಳಿ ಇತ್ತು, ಬಿಡಿಸಿದೆ. ಗಂಟೆಗೊಮ್ಮೆ ಎದ್ದು ಹೊರಗೆ ದೂರ ನೋಡಿ ಬರಬೇಕು, ಕಣ್ಣಿಗೆ. ಸಣ್ಣ ಮಕ್ಕಳ ಕೈಗೆ ಕೊಡಬಾರದು, ಬಾಯಿಗೆ ಹಾಕ್ಕಂತಾವೆ. ಹಾಂ, ಕೊಟ್ಟೋಳು ನಾನೇ. ಅದಕ್ಕೇ ಹೇಳ್ತಾ ಇದೀನಿ.

ಈಗ ನನ್ನ ಮನಸ್ಸಿನ ಮಾತು. ನಮ್ಮ ಕಡೆ ಹಬ್ಬಕ್ಕೆ ಗಂಡಸರು ಇಸ್ಪೀಟು ಆಡ್ತಾರೆ. ಕ್ರಿಕೆಟ್ ಮೇಲೆ ದುಡ್ಡು ಕಟ್ಟಿ ಹೊಲ ಕಳ್ಕಂಡೋರಿದಾರೆ. ಸಂಜೆ ಆದ್ರೆ ಎಲ್ಲಿಗೆ ಹೋಗ್ತಾರೆ ಅಂತ ಗೊತ್ತಿದ್ದೂ ಹೆಣ್ಣು ಕೊಡ್ತೀವಿ, "ಗಂಡಸಲ್ವಾ, ಹಂಗೇ" ಅಂತ. ರಾತ್ರಿ ಮನೇಲಿ ಕುಂತು ಗೊಂಬೆಗೆ ಬಣ್ಣ ಹಾಕೋನನ್ನ ಕಂಡ್ರೆ ಮಾತ್ರ ನಗು. ಯಾಕೆ? ಅದು ಹೆಣ್ಣು ಮಕ್ಕಳ ಕೆಲಸ ಅಂತ. ಬಿಡಿಸಿ ನೋಡಿದ್ರೆ ಆ ನಗು ನನ್ನ ಮಗನಿಗೆ ತಗಲಿದ್ದಲ್ಲ, ನಮಗೆ ತಗಲಿದ್ದು. ಬೆಳಿಗ್ಗೆ ಎದ್ದು ಚುಕ್ಕಿ ಇಟ್ಟು ರಂಗೋಲಿ ಎಳೀತೀವಿ, ಹತ್ತು ಗಂಟೆಗೆ ತುಳಿದು ಅಳಿಸಿ ಹೋಗುತ್ತೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆ ಮಣ್ಣು ತಂದು ಜೋಡೆತ್ತು ಮಾಡಿ, ಕೊಂಬಿಗೆ ಕುಸುರಿ ಮಾಡಿ, ಪೂಜೆ ಆದ ಮೇಲೆ ನೀರಿಗೆ ಬಿಡ್ತೀವಿ. ದಸರಾ ಗೊಂಬೆ ಕೂರಿಸೋರ ಮನೇಲಿ ರಾಗಿ ಮೊಳಕೆ ಬರಿಸಿ ಗದ್ದೆ ಮಾಡ್ತಾರೆ, ಕಲ್ಲು ಜೋಡಿಸಿ ಬೆಟ್ಟ ಮಾಡ್ತಾರೆ. ಇದೆಲ್ಲಾ ಯಾವ ಲಾಭಕ್ಕೆ? ಇದನ್ನ ಕೆಲಸ ಅಂತ ಯಾರೂ ಲೆಕ್ಕಕ್ಕೆ ತಗಂಡಿಲ್ಲ, ನಾವೂ ತಗಂಡಿಲ್ಲ. ಅದಕ್ಕೇ ಒಬ್ಬ ಗಂಡು ಹುಡುಗ ಅಂಥಾದ್ದು ಮಾಡಿದ್ರೆ ನಮಗೇ ಮೊದ್ಲು ನಗು ಬರುತ್ತೆ. ಆವತ್ತು ಪಡಸಾಲೆಯಾಗೆ ನಾನು ನಕ್ಕಿದ್ದು ಯಾರನ್ನ ನೋಡಿ? ಪಿಯುಸಿ ರೆಕಾರ್ಡಿಗೆ ಚಿತ್ರ ಬರೀತಿದ್ದ ಹುಡುಗಿನ ನೋಡಿ.

ಹೋದ ಕಾರ್ತಿಕದಾಗೆ ತವರಿಗೆ ಹೋದಾಗ ಮಗನ್ನ ಬ್ರಹ್ಮಗಿರಿಗೆ ಕರ್ಕಂಡು ಹೋಗಿದ್ದೆ. ಅಶೋಕನ ಶಾಸನ ಇರೋ ಬಂಡೆ, 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಮಾಡಿದ್ದು. ಸಿದ್ದಾಪುರ, ಜಟಿಂಗ ರಾಮೇಶ್ವರದಾಗೂ ಇವೆ. ಚಿಕ್ಕೋಳಿದ್ದಾಗ ಅದರ ಪಕ್ಕದಾಗೇ ಓಡಾಡಿದ್ರೂ ಏನು ಬರೆದೈತೆ ಅಂತ ಗೊತ್ತಿರಲಿಲ್ಲ. ಮಗ ಹೇಳಿದ: ತಂದೆ ತಾಯಿ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಗುರುವಿಗೆ ಮರ್ಯಾದೆ ಕೊಡಬೇಕು, ಇಷ್ಟು. ಅಷ್ಟು ದೊಡ್ಡ ಯುದ್ಧ ಮಾಡಿದ ರಾಜ ನಮ್ಮೂರ ಬಂಡೆ ಮೇಲೆ ಬರೆಸಿದ್ದು ಮನೆ ಮಾತು. ಕೊನೇಲಿ, ಬರೆದೋನ ಹೆಸರೂ ಐತಂತೆ. ಚಪಡ ಅಂತ ಲಿಪಿಕಾರ. ಎರಡು ಸಾವಿರದ ಇನ್ನೂರು ವರ್ಷದ ಮೇಲೂ ಅವನ ಹೆಸರು ಉಳಿದೈತೆ, ಕೈಕೆಲಸ ಮಾಡಿ ಕೆಳಗೆ ಹೆಸರು ಹಾಕಿದ್ದಕ್ಕೆ. ಮನೆಗೆ ಬಂದು ಮಗ ಓಬವ್ವನ ಗೊಂಬೆ ತಿರುಗಿಸಿ ಬುಡದಾಗೆ ನನ್ನ ಹೆಸರು ಬರೆದ. ನಾನು ಬೇಡ ಅಂದೆ. ಅಳಿಸಿಲ್ಲ.

ನಮ್ಮಣ್ಣ ಇನ್ನೂ ಒಪ್ಪಿಲ್ಲ. ಮೊನ್ನೆ ಬಂದಾಗ ಕೋಟೆ ಸುತ್ತ ಎರಡು ಸಲ ಸುತ್ತಿ, "ಬತೇರಿ ಇಲ್ಲಿ ಬರಬಾರದು, ಇನ್ನೂ ಬಲಕ್ಕೆ" ಅಂತ ತಪ್ಪು ಹಿಡಿದು ಹೋದ. ಅಷ್ಟಾತಲ್ಲ.

ಈ ದಸರಾಕ್ಕೆ ಎದುರು ಮನೆ ಅತ್ತೆಯವರ ಗೊಂಬೆ ಪಕ್ಕದಾಗೇ ನಮ್ಮ ಕೋಟೆನೂ ಕೂರಿಸ್ತೀವಿ, ಅವರೇ ಜಾಗ ಬಿಡ್ತೀನಿ ಅಂದಿದಾರೆ. ಎಲ್ಲಾರೂ ಬರ್ರಿ. ಮಕ್ಕಳನ್ನೂ ಕರ್ಕಂಡು ಬರ್ರಿ. ಮುಟ್ಟಬೇಕು ಅನ್ನಿಸಿದ್ರೆ ತಲೆ ಹಿಡಿದು ಎತ್ತಬೇಡ್ರಿ, ಬುಡ ಹಿಡೀರಿ, ಬಣ್ಣ ಹೋಗುತ್ತೆ. ಹಂಗೇ ನಿಮ್ಮ ಕಡೆ ಒಳ್ಳೆ ಹುಡುಗಿ ಇದ್ರೆ ಹೇಳ್ರಿ. ಈ ಸಲ ನೋಡಾಕೆ ಬರೋರಿಗೆ ಉಪ್ಪಿಟ್ಟಿಗಿಂತ ಮುಂಚೆ ಬೀರು ತೋರಿಸ್ತೀನಿ. ನಗೋರು ಅಲ್ಲಿಂದಲೇ ನಕ್ಕೊಂಡು ಹೋಗ್ಲಿ, ಉಪ್ಪಿಟ್ಟಾದ್ರೂ ಉಳಿಯುತ್ತೆ.